ಡೀಸೆಲ್ ಎಂಜಿನ್ನಿನ ಶಕ್ತಿ ಕುಂದಿದಾಗ: ಬಿಚ್ಚುವ ಮೊದಲು ಪರೀಕ್ಷಿಸಿ

ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳು, ಚನ್ನಪಟ್ಟಣದ ಬೊಂಬೆ ತಯಾರಿಕಾ ಲೇತುಗಳು, ಕನಕಪುರ ಮತ್ತು ಮಾಗಡಿ ಭಾಗದ ಕಲ್ಲು ಕತ್ತರಿಸುವ ಘಟಕಗಳು ಪರಸ್ಪರ ಭಿನ್ನವಾದ ಉದ್ಯಮಗಳು. ಆದರೆ ವಿದ್ಯುತ್ ಕಡಿತವಾದ ಕ್ಷಣದಲ್ಲಿ ಇವೆಲ್ಲವೂ ಆಶ್ರಯಿಸುವುದು ಒಂದೇ ಯಂತ್ರವನ್ನು. ಅದು ಷೆಡ್ಡಿನ ಹಿಂಬದಿಯಲ್ಲಿರುವ ಡೀಸೆಲ್ ಜನರೇಟರ್. ಅದು ಚಾಲನೆಗೊಳ್ಳದಿದ್ದರೆ ದೋಷವು ತಕ್ಷಣ ಗೊತ್ತಾಗುತ್ತದೆ. ಚಾಲನೆಗೊಂಡು, ಹೊರೆ ಬಿದ್ದೊಡನೆ ಬಲ ಸಾಲದೆ ಏದುಸಿರು ಬಿಡತೊಡಗಿದರೆ ಮಾತ್ರ ಮಾಲೀಕರು ಗೊಂದಲಕ್ಕೆ ಒಳಗಾಗುತ್ತಾರೆ. ಅನಗತ್ಯ ವೆಚ್ಚಕ್ಕೆ ದಾರಿಯಾಗುವುದೂ ಈ ಗೊಂದಲವೇ.

ಒಂದು ಪ್ರಸಂಗವನ್ನು ಗಮನಿಸೋಣ. ರಾಮನಗರದ ಒಂದು ಬಿಚ್ಚಾಣಿಕೆ ಘಟಕದಲ್ಲಿ 25 ಕೆ.ವಿ.ಎ. ಸಾಮರ್ಥ್ಯದ ಜನರೇಟರ್ ಮೊದಲ ಅರ್ಧ ಗಂಟೆ ಚೆನ್ನಾಗಿ ನಡೆದು, ಬಳಿಕ ವೇಗ ಕಳೆದುಕೊಳ್ಳುತ್ತಿತ್ತು. ಬೇಯಿಸಿದ ಗೂಡು ಕಾಯುವುದಿಲ್ಲ; ಬೇಸಿನ್ನಿನಲ್ಲಿ ಉಳಿದ ಗೂಡಿನಿಂದ ಎಳೆ ಸರಿಯಾಗಿ ಬರದೆ ಸರಕು ಹಾಳಾಗುತ್ತಿತ್ತು. ಇಂಧನ ಪಂಪು ಮತ್ತು ನಾಜಲ್‌ಗಳನ್ನು ಬಿಚ್ಚಿ ರಿಪೇರಿಗೆ ಕಳುಹಿಸಲಾಯಿತು. ನಾಲ್ಕು ದಿನ ಬಾಡಿಗೆ ಜನರೇಟರ್ ತರಿಸಬೇಕಾಯಿತು. ಪಂಪು ಮರಳಿ ಬಂದ ದಿನವೇ ಅದೇ ದೂರು ಮತ್ತೆ ಕಾಣಿಸಿಕೊಂಡಿತು. ಕೊನೆಗೆ ಡೀಸೆಲ್ ತುಂಬಲೆಂದು ಕೆಲಸಗಾರನೊಬ್ಬ ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಎಂಜಿನ್ ತಾನಾಗಿಯೇ ಚೇತರಿಸಿಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ರಂಧ್ರ ಧೂಳಿನಿಂದ ಮುಚ್ಚಿಹೋಗಿತ್ತು. ಟ್ಯಾಂಕಿನೊಳಗೆ ಗಾಳಿ ಸೇರದೆ, ಡೀಸೆಲ್ ಹೊರಬರಲಾಗದೆ ಎಂಜಿನ್ ಬಳಲುತ್ತಿತ್ತು. ಒಂದು ಪಿನ್ನಿನಿಂದ ಸರಿಪಡಿಸಬಹುದಾಗಿದ್ದ ದೋಷಕ್ಕೆ ಸಾವಿರಾರು ರೂಪಾಯಿ ವ್ಯಯವಾಯಿತು.

ಮಲ್ಪೆ, ಮಂಗಳೂರಿನ ಮೀನುಗಾರಿಕಾ ದೋಣಿಗಳಲ್ಲಿಯೂ ಡೀಸೆಲ್ ಎಂಜಿನ್ನುಗಳೇ ದುಡಿಯುತ್ತವೆ. ನಡುಗಡಲಿನಲ್ಲಿ ಎಂಜಿನ್ ಬಲ ಕಳೆದುಕೊಂಡರೆ ಅಲ್ಲಿಗೆ ಮೆಕ್ಯಾನಿಕನನ್ನು ಕರೆಸಲಾಗದು. ಆದ್ದರಿಂದ ದೋಣಿಯಲ್ಲಿರುವವರು ಕೈಗೆಟಕುವುದನ್ನೇ ಮೊದಲು ನೋಡಬೇಕು: ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಿದೆಯೇ, ಫಿಲ್ಟರಿನಲ್ಲಿ ನೀರು ಸೇರಿದೆಯೇ, ತಂಪು ಮಾಡುವ ನೀರು ಹರಿಯುತ್ತಿದೆಯೇ. ಹೊರೆ, ಇಂಧನ, ಗಾಳಿ, ಶಾಖ ಇವನ್ನು ನೋಡಿದ ಬಳಿಕವೇ ಎಂಜಿನ್ನಿನ ಒಳಭಾಗ. ನೆಲದ ಮೇಲಿನ ಜನರೇಟರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಗ್ಗದ ಪರೀಕ್ಷೆ ಮೊದಲು, ದುಬಾರಿ ರಿಪೇರಿ ಕೊನೆಗೆ ಎಂಬುದೇ ಈ ಲೇಖನದ ಸಾರ.

ದೋಷ ಎಂಜಿನ್ನಿನದೋ, ಹೊರೆಯದೋ?

ಮೊದಲು ನೋಡಬೇಕಾದುದು ಪ್ಯಾನೆಲ್ ಮೇಲಿನ ಫ್ರೀಕ್ವೆನ್ಸಿ ಮೀಟರನ್ನು. ನಮ್ಮಲ್ಲಿ ಬಳಕೆಯಲ್ಲಿರುವ ಹೆಚ್ಚಿನ ಜನರೇಟರುಗಳು ನಿಮಿಷಕ್ಕೆ 1500 ಸುತ್ತು ತಿರುಗಿದಾಗ 50 ಹರ್ಟ್ಸ್ ವಿದ್ಯುತ್ ನೀಡುತ್ತವೆ. 48 ಹರ್ಟ್ಸ್ ತೋರಿಸಿದರೆ ವೇಗ 1440ಕ್ಕೆ ಕುಸಿದಿದೆ ಎಂದರ್ಥ. ಯಾಂತ್ರಿಕ ಗವರ್ನರ್ ಇರುವ ಎಂಜಿನ್ನುಗಳಲ್ಲಿ ಹೊರೆ ಇಲ್ಲದಾಗ ಸುಮಾರು 52 ಹರ್ಟ್ಸ್, ಪೂರ್ಣ ಹೊರೆಯಲ್ಲಿ ಸುಮಾರು 50 ಹರ್ಟ್ಸ್ ಇರುವುದು ಸಹಜ. ಇದನ್ನು ದೋಷವೆಂದು ಭಾವಿಸಬಾರದು.

ಇಲ್ಲಿ ಮೂರು ಸನ್ನಿವೇಶಗಳನ್ನು ಬೇರ್ಪಡಿಸಿಕೊಳ್ಳಬೇಕು. ಹೊರೆ ಹಾಕಿದಾಗ ಫ್ರೀಕ್ವೆನ್ಸಿ ಸ್ಥಿರವಾಗಿದ್ದು ವೋಲ್ಟೇಜ್ ಮಾತ್ರ ಕುಸಿದರೆ ಎಂಜಿನ್ ನಿರ್ದೋಷಿ. ಆಲ್ಟರ್ನೇಟರ್, ಅದರ ವೋಲ್ಟೇಜ್ ನಿಯಂತ್ರಕ ಅಥವಾ ವೈರಿಂಗನ್ನು ಪರೀಕ್ಷಿಸಬೇಕು. ಹೊರೆಯೇ ಇಲ್ಲದಾಗಲೂ ಫ್ರೀಕ್ವೆನ್ಸಿ ಕಡಿಮೆ ಇದ್ದರೆ ಗವರ್ನರಿನ ಹೊಂದಾಣಿಕೆ ಅಥವಾ ಅದರ ಸಂಪರ್ಕ ಸರಳುಗಳಲ್ಲಿ ತೊಡಕಿರಬಹುದು. ಹೊರೆ ಇಲ್ಲದಾಗ ಸರಿಯಿದ್ದು ಹೊರೆ ಏರಿದಂತೆ ಫ್ರೀಕ್ವೆನ್ಸಿ ಬಹಳವಾಗಿ ಕುಸಿದರೆ ಮಾತ್ರ ಎಂಜಿನ್ನಿಗೆ ಬಲ ಸಾಲುತ್ತಿಲ್ಲವೆಂದು ತಿಳಿಯಬೇಕು.

ಬಲ ಸಾಲದಿರುವುದಕ್ಕೆ ಹೊರೆ ಹೆಚ್ಚಾಗಿರುವುದೂ ಕಾರಣವಾಗಬಹುದು. 25 ಕೆ.ವಿ.ಎ. ಜನರೇಟರ್ 0.8 ಪವರ್ ಫ್ಯಾಕ್ಟರಿನಲ್ಲಿ 20 ಕಿಲೋವ್ಯಾಟ್ ನೀಡುತ್ತದೆ. 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ ಸುಮಾರು 35 ಆಂಪಿಯರ್. ಟಾಂಗ್ ಟೆಸ್ಟರಿನಿಂದ ಮೂರೂ ಫೇಸುಗಳ ಆಂಪಿಯರನ್ನು ಅಳೆದು ಬರೆದುಕೊಳ್ಳಬೇಕು. ಜನರೇಟರ್ ಕೊಂಡ ಬಳಿಕ ಸೇರಿಸಿದ ಬ್ಲೋವರ್, ಪಂಪ್‌ಸೆಟ್ಟು ಅಥವಾ ಹೊಸ ಯಂತ್ರ ಲೆಕ್ಕದಲ್ಲಿ ಬಿಟ್ಟುಹೋಗಿರುವುದುಂಟು. ನೇರವಾಗಿ ಸ್ವಿಚ್ ಹಾಕಿ ಚಾಲನೆ ಮಾಡುವ ಮೋಟಾರು ಆ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದರಿಂದ ಏಳು ಪಟ್ಟನ್ನು ಎಳೆಯುತ್ತದೆ. ಆದ್ದರಿಂದ ದೊಡ್ಡ ಮೋಟಾರನ್ನು ಮೊದಲು, ಚಿಕ್ಕವನ್ನು ಅನಂತರ, ಒಂದೊಂದಾಗಿ ಚಾಲನೆ ಮಾಡುವುದು ಸೂಕ್ತ. ಬೇರಿಂಗ್ ಹಿಡಿದ ಮೋಟಾರು, ಕಲ್ಲಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡ ಬ್ಲೇಡು ಇವೂ ಎಂಜಿನ್ನಿನ ಬಲವನ್ನು ನುಂಗುತ್ತವೆ.

ನಮ್ಮ ಊರುಗಳ ಎತ್ತರ

ಸಮುದ್ರಮಟ್ಟದಿಂದ ಕನಕಪುರ ಸುಮಾರು 640 ಮೀಟರ್, ಚನ್ನಪಟ್ಟಣ ಮತ್ತು ರಾಮನಗರ ಸುಮಾರು 740ರಿಂದ 750 ಮೀಟರ್, ಮಾಗಡಿ ಸುಮಾರು 925 ಮೀಟರ್ ಎತ್ತರದಲ್ಲಿವೆ. ಈ ಎತ್ತರಗಳಲ್ಲಿ ಗಾಳಿಯ ಒತ್ತಡವು ಕರಾವಳಿಗಿಂತ ಸರಿಸುಮಾರು ಶೇ. 7ರಿಂದ 10ರಷ್ಟು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ತನ್ನ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಅದರ ಗರಿಷ್ಠ ಬಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಟರ್ಬೋ ಇರುವ ಎಂಜಿನ್ನಿನಲ್ಲಿ ಈ ನಷ್ಟ ಕಡಿಮೆ.

ಎಂಜಿನ್ನಿನ ಫಲಕದ ಮೇಲೆ ಬರೆದ ಸಾಮರ್ಥ್ಯ ಯಾವ ಎತ್ತರಕ್ಕೆ, ಯಾವ ಉಷ್ಣಾಂಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕರಾವಳಿಯಲ್ಲಿ ದುಡಿದ ಹಳೆಯ ಎಂಜಿನ್ನನ್ನು ಅಗ್ಗವೆಂದು ತಂದು ಮಾಗಡಿಯಲ್ಲಿ ಕೂರಿಸಿದವರು ಅಲ್ಲಿನಷ್ಟೇ ಬಲವನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ಕಡಿಮೆಯಾದ ಬಲವನ್ನು ಸರಿದೂಗಿಸಲು ಪಂಪಿನ ಸೀಲ್ ಒಡೆದು ಇಂಧನದ ಪ್ರಮಾಣ ಹೆಚ್ಚಿಸುವುದು ತಪ್ಪು. ಗಾಳಿ ಸಾಲದ ಕಡೆ ಡೀಸೆಲ್ ಹೆಚ್ಚಿಸಿದರೆ ಅದು ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಪಿಸ್ಟನ್ ಮತ್ತು ವಾಲ್ವುಗಳು ಮಿತಿಮೀರಿ ಕಾಯುತ್ತವೆ.

ಹೊಗೆಯ ಬಣ್ಣ

ಹೊರೆ ಹಾಕಿದ ಸ್ಥಿತಿಯಲ್ಲಿ ಹೊಗೆಕೊಳವೆಯನ್ನು ಒಂದೆರಡು ನಿಮಿಷ ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಬಲ ಕಡಿಮೆ, ಹೊಗೆ ಕಪ್ಪು: ಡೀಸೆಲ್ ಬರುತ್ತಿದೆ, ಆದರೆ ಅದನ್ನು ಸುಡುವಷ್ಟು ಗಾಳಿ ಇಲ್ಲ, ಇಲ್ಲವೇ ಹೊರೆ ಮಿತಿಮೀರಿದೆ, ಇಲ್ಲವೇ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ.

ಬಲ ಕಡಿಮೆ, ಹೊಗೆಯೇ ಇಲ್ಲ: ಎಂಜಿನ್ನಿಗೆ ಬೇಕಾದಷ್ಟು ಡೀಸೆಲ್ ತಲುಪುತ್ತಿಲ್ಲ.

ಹೊಗೆ ಬಿಳಿ: ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಮೊದಲ ಕೆಲವು ನಿಮಿಷ ಇದು ಸಹಜ. ಬಿಸಿಯಾದ ಮೇಲೂ ಮುಂದುವರಿದರೆ ಟೈಮಿಂಗ್, ಕಂಪ್ರೆಷನ್ ಅಥವಾ ಸಿಲಿಂಡರಿನೊಳಗೆ ನೀರು ಸೇರುತ್ತಿರುವ ಸಾಧ್ಯತೆಯನ್ನು ನೋಡಬೇಕು.

ಹೊಗೆ ನೀಲಿ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವ್ ಗೈಡ್ ಅಥವಾ ಟರ್ಬೋದ ಸೀಲ್ ಸವೆದಿರಬಹುದು.

ಮೇಲಿನ ಪ್ರಸಂಗದಲ್ಲಿ ವೇಗ ಕುಸಿಯುವಾಗ ಹೊಗೆಯೇ ಕಾಣುತ್ತಿರಲಿಲ್ಲ. ಆ ಒಂದು ಸುಳಿವನ್ನು ಹಿಡಿದಿದ್ದರೆ ಟ್ಯಾಂಕಿನಿಂದಲೇ ಪರೀಕ್ಷೆ ಆರಂಭವಾಗುತ್ತಿತ್ತು.

ಇಂಧನದ ದಾರಿ

ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಸಾಗುವ ದಾರಿಯನ್ನೇ ಅನುಸರಿಸಬೇಕು. ಮೊದಲು ಟ್ಯಾಂಕಿನ ಮುಚ್ಚಳ. ಎಂಜಿನ್ ಬಲ ಕಳೆದುಕೊಂಡಾಗ ಮುಚ್ಚಳ ಸಡಿಲಿಸಿ; ಗಾಳಿ ಒಳನುಗ್ಗುವ ಸದ್ದು ಕೇಳಿಸಿ ಎಂಜಿನ್ ಚೇತರಿಸಿಕೊಂಡರೆ ದೋಷ ಅಲ್ಲಿಯೇ ಇದೆ. ಎರಡನೆಯದು ಟ್ಯಾಂಕಿನ ತಳ. ರಾತ್ರಿ ಅರ್ಧ ಖಾಲಿ ಉಳಿದ ಟ್ಯಾಂಕಿನಲ್ಲಿ ಗಾಳಿಯ ತೇವ ಹನಿಗಟ್ಟಿ ನೀರಾಗಿ ತಳ ಸೇರುತ್ತದೆ. ಬೆಳಿಗ್ಗೆ ಚಾಲನೆಗೆ ಮೊದಲು ಡ್ರೈನ್ ತಿರುಪು ತೆರೆದು ಗಾಜಿನ ಲೋಟದಲ್ಲಿ ಸ್ವಲ್ಪ ಹಿಡಿದು ನೋಡಿ. ನೀರಿದ್ದರೆ ಅದು ಕೆಳಗೆ ಬೇರ್ಪಟ್ಟು ನಿಲ್ಲುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಇದಕ್ಕೆ ಸರಳ ಪರಿಹಾರ.

ಮೂರನೆಯದು ಫಿಲ್ಟರುಗಳು. ಕೈಪಿಡಿಯಲ್ಲಿ ಸೂಚಿಸಿದ ಗಂಟೆಗಳಿಗೆ ಅವನ್ನು ಬದಲಿಸಬೇಕು. ಡ್ರಮ್ಮಿನಲ್ಲಿ ಡೀಸೆಲ್ ಸಂಗ್ರಹಿಸುವವರು ಅವಧಿಗೆ ಮೊದಲೇ ನೋಡಿಕೊಳ್ಳುವುದು ಒಳಿತು. ನಾಲ್ಕನೆಯದು ಪೈಪಿನ ಜೋಡಣೆಗಳು. ಪಂಪು ಡೀಸೆಲನ್ನು ಎಳೆಯುವ ಕಡೆಯಲ್ಲಿ ಸಡಿಲವಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಬದಲಾಗಿ ಗಾಳಿ ಒಳಗೆ ಸೇರುತ್ತದೆ. ಒಂದು ತುಂಡು ಪಾರದರ್ಶಕ ಪೈಪನ್ನು ನಡುವೆ ಸೇರಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ.

ಇವೆಲ್ಲಕ್ಕಿಂತ ನಿರ್ಣಾಯಕವಾದುದು ಕ್ಯಾನ್ ಪರೀಕ್ಷೆ. ಶುದ್ಧ ಡೀಸೆಲ್ ತುಂಬಿದ ಒಂದು ಕ್ಯಾನನ್ನು ಎಂಜಿನ್ನಿಗಿಂತ ತುಸು ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರವಾಗಿ ಭದ್ರಪಡಿಸಿ, ಹೊಸ ಪೈಪಿನ ಮೂಲಕ ಎಂಜಿನ್ನಿನ ಫಿಲ್ಟರಿಗೆ ನೇರವಾಗಿ ಜೋಡಿಸಬೇಕು. ಎಂಜಿನ್ನಿನಿಂದ ಮರಳುವ ಡೀಸೆಲಿನ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಗಾಳಿ ತೆಗೆದು ಹೊರೆ ಹಾಕಿದಾಗ ಬಲ ಮರಳಿದರೆ ದೋಷವಿರುವುದು ಟ್ಯಾಂಕ್, ಅದರ ಪೈಪು ಅಥವಾ ಡೀಸೆಲಿನಲ್ಲಿ. ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ. ಬಲ ಮರಳದಿದ್ದರೆ ಅಲ್ಲಿಂದ ಮುಂದಕ್ಕೆ ನೋಡಬೇಕು.

ನಮ್ಮ ಮೆಕ್ಯಾನಿಕರು ಹಳೆಯ ಅಭ್ಯಾಸದಂತೆ ‘ಮೈಕೋ ಪಂಪು’ ಎಂದೇ ಕರೆಯುವ ಇಂಜೆಕ್ಷನ್ ಪಂಪಿನ ಸೂಕ್ಷ್ಮತೆಯನ್ನು ಇಲ್ಲಿ ನೆನೆಯಬೇಕು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ತಾಳಿತು. ನಮ್ಮ ಬಿಡದಿಯಲ್ಲಿಯೂ ಅದರ ಕಾರ್ಖಾನೆ ಇದೆ. ಇಂತಹ ಪಂಪುಗಳಲ್ಲಿ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಒಂದು ಹನಿ ನೀರು, ಕಣ್ಣಿಗೆ ಕಾಣದ ಕಲ್ಲಿನ ಪುಡಿ ಅಲ್ಲಿ ಗೀರು ಮೂಡಿಸಬಲ್ಲದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುವ ಡೀಸೆಲಿನಲ್ಲಿ ಗಂಧಕದ ಗರಿಷ್ಠ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗ. ಗಂಧಕ ತೆಗೆಯುವಾಗ ಕುಂದುವ ಜಾರುಗುಣವನ್ನು ಬೇರೆ ಅಂಶಗಳನ್ನು ಬೆರೆಸಿ ಸರಿಪಡಿಸಲಾಗುತ್ತದೆ. ಅಂತಹ ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೆ ಉಳಿತಾಯಕ್ಕಿಂತ ಪಂಪಿನ ಸವೆತವೇ ಹೆಚ್ಚಾಗುತ್ತದೆ.

ಗಾಳಿಯ ದಾರಿ

ಕಪ್ಪು ಹೊಗೆ ಕಂಡಾಗ ಮೊದಲು ತೆರೆಯಬೇಕಾದುದು ಏರ್ ಫಿಲ್ಟರನ್ನು. ಬೊಂಬೆ ಘಟಕದ ಮರದ ಹುಡಿ, ಕಲ್ಲು ಘಟಕದ ಧೂಳು, ಹಿಟ್ಟಿನ ಗಿರಣಿಯ ಹಿಟ್ಟು ಇವು ಫಿಲ್ಟರನ್ನು ಕೈಪಿಡಿ ಹೇಳುವ ಅವಧಿಗಿಂತ ಬಹಳ ಮೊದಲೇ ಮುಚ್ಚಿಬಿಡುತ್ತವೆ. ಫಿಲ್ಟರಿನ ಬಳಿ ಸೂಚಕವಿದ್ದು ಅದು ಕೆಂಪು ತೋರಿಸುತ್ತಿದ್ದರೆ ಬದಲಾವಣೆ ಅನಿವಾರ್ಯ. ಹಳೆಯ ಎಂಜಿನ್ನುಗಳ ಆಯಿಲ್ ತುಂಬಿದ ಫಿಲ್ಟರಿನಲ್ಲಿ ಕೆಸರಾದ ಆಯಿಲನ್ನು ಚೆಲ್ಲಿ, ಸೂಚಿತ ಮಟ್ಟಕ್ಕೆ ಹೊಸ ಆಯಿಲ್ ತುಂಬಬೇಕು. ಫಿಲ್ಟರ್ ತೆಗೆದು ಎಂಜಿನ್ ಓಡಿಸಿ ನೋಡುವ ಅಭ್ಯಾಸ, ವಿಶೇಷವಾಗಿ ಕಲ್ಲಿನ ಧೂಳಿರುವ ಕಡೆ, ಅಪಾಯಕಾರಿ. ಕೆಲವೇ ಗಂಟೆಗಳ ಓಟದಲ್ಲಿ ಲೈನರ್ ಮತ್ತು ರಿಂಗುಗಳು ಸವೆಯಬಲ್ಲವು. ಪರೀಕ್ಷೆಗೆ ಹೊಸ ಫಿಲ್ಟರನ್ನೇ ಹಾಕಿ ನೋಡುವುದು ಉಚಿತ.

ಟರ್ಬೋ ಇರುವ ಎಂಜಿನ್ನಿನಲ್ಲಿ ಟರ್ಬೋದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೂ ಬಲ ಕುಸಿಯುತ್ತದೆ. ಹೊರೆ ಏರಿದಾಗ ಸಿಳ್ಳಿನಂತಹ ಸದ್ದು ಕೇಳಿಸಿದರೆ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆಯನ್ನು ಪತ್ತೆ ಮಾಡಬಹುದು.

ಗಾಳಿ ಒಳಗೆ ಬರುವುದು ಎಷ್ಟು ಮುಖ್ಯವೋ ಹೊಗೆ ಹೊರಗೆ ಹೋಗುವುದೂ ಅಷ್ಟೇ ಮುಖ್ಯ. ನೆರೆಮನೆಯವರಿಗೆ ತೊಂದರೆಯಾಗದಿರಲೆಂದು ಹೊಗೆಕೊಳವೆಯನ್ನು ಉದ್ದಕ್ಕೆ ಎಳೆದು, ಮೂರು ನಾಲ್ಕು ಬಾಗು ನೀಡಿ, ಕಡಿಮೆ ವ್ಯಾಸದ ಪೈಪು ಜೋಡಿಸಿರುವುದನ್ನು ಕಾಣುತ್ತೇವೆ. ಆಗ ಹೊಗೆಗೆ ಎದುರೊತ್ತಡ ಉಂಟಾಗಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಕೊಳವೆ ಉದ್ದವಾದಷ್ಟೂ ವ್ಯಾಸ ದೊಡ್ಡದಿರಬೇಕು, ಬಾಗುಗಳು ಕಡಿಮೆ ಇರಬೇಕು. ಮಸಿ ಕಟ್ಟಿದ ಸೈಲೆನ್ಸರ್, ತುಕ್ಕು ಹಿಡಿದು ತೆರೆಯದ ಮಳೆಮುಚ್ಚಳ ಇವನ್ನೂ ನೋಡಬೇಕು.

ಶಾಖದ ಪ್ರಶ್ನೆ

2005ರ ಜನವರಿ 1ರಿಂದ ತಯಾರಾದ, 1000 ಕೆ.ವಿ.ಎ.ವರೆಗಿನ ಜನರೇಟರುಗಳ ಶಬ್ದವು ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ಇದರಿಂದಾಗಿ ಶಬ್ದ ತಡೆಯುವ ಕವಚ ಎಲ್ಲೆಡೆ ಬಂದಿತು. ಕವಚ ಒಳ್ಳೆಯದೇ, ಆದರೆ ಅದನ್ನು ಗೋಡೆಗೆ ಒತ್ತಿ ಇರಿಸಿದರೆ, ಸುತ್ತ ಗೂಡಿನ ಚೀಲ, ಮರದ ತುಂಡು ಪೇರಿಸಿದರೆ ಬಿಸಿಗಾಳಿ ಹೊರಹೋಗದೆ ಮರಳಿ ಒಳಸೇರುತ್ತದೆ. ಒಳಸೇರುವ ಗಾಳಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಕುಗ್ಗುತ್ತದೆ. ಬೆಳಿಗ್ಗೆ ಸರಿಯಾಗಿ ದುಡಿದು ಮಧ್ಯಾಹ್ನ ಬಳಲುವ ಎಂಜಿನ್ನಿನ ಸಮಸ್ಯೆ ಅನೇಕ ವೇಳೆ ಇದೇ ಆಗಿರುತ್ತದೆ. ಕವಚದ ಬಾಗಿಲು ತೆರೆದು ಓಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ರೇಡಿಯೇಟರಿನ ಎಳೆಗಳ ನಡುವೆ ರೇಷ್ಮೆಯ ನವಿರು ಎಳೆ, ಮರದ ಹುಡಿ ಮತ್ತು ಎಣ್ಣೆ ಸೇರಿ ಪದರ ಕಟ್ಟುತ್ತವೆ. ಫ್ಯಾನಿನ ಗಾಳಿ ಹರಿಯುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದ ಗಾಳಿಯಿಂದ ಅದನ್ನು ಶುಚಿಗೊಳಿಸಬೇಕು. ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ, ಕೂಲೆಂಟ್ ಮಟ್ಟ ಸರಿಯಿದೆಯೇ ಎಂಬುದನ್ನೂ ನೋಡಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು.

ಕೊನೆಗೆ ಎಂಜಿನ್ನಿನ ಒಳಭಾಗ

ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ನುರಿತ ಮೆಕ್ಯಾನಿಕರ ಸರದಿ. ಟ್ಯಾಪೆಟ್ ಅಂತರ, ನಾಜಲಿನ ಒತ್ತಡ ಮತ್ತು ಸಿಂಪಡಣೆ, ಪಂಪಿನ ಟೈಮಿಂಗ್, ಸಿಲಿಂಡರಿನ ಕಂಪ್ರೆಷನ್ ಈ ಕ್ರಮದಲ್ಲಿ ನೋಡುವುದು ವಾಡಿಕೆ. ಎಂಜಿನ್ ಓಡುವಾಗ ಒಂದೊಂದೇ ನಾಜಲಿನ ಪೈಪು ಸಡಿಲಿಸಿ, ಸದ್ದು ಬದಲಾಗದ ಸಿಲಿಂಡರನ್ನು ದುರ್ಬಲವೆಂದು ಗುರುತಿಸುವ ವಿಧಾನ ಹಳೆಯ ಎಂಜಿನ್ನುಗಳಿಗೆ ಮಾತ್ರ ಸಲ್ಲುತ್ತದೆ, ಅದೂ ಬಲ್ಲವರ ಕೈಯಲ್ಲಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಬಾರದು. ಅಲ್ಲಿನ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು.

ಮುಂದಾಲೋಚನೆಯಿಂದ ಅಗತ್ಯಕ್ಕಿಂತ ಬಹು ದೊಡ್ಡ ಜನರೇಟರ್ ಕೊಂಡವರಿಗೂ ಒಂದು ಎಚ್ಚರಿಕೆ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡುವ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ನಾಜಲ್, ವಾಲ್ವುಗಳಲ್ಲಿ ಮಸಿ ಕಟ್ಟಿ, ಬೇಕಾದಾಗ ಪೂರ್ಣ ಬಲ ನೀಡಲಾರದಂತಾಗುತ್ತದೆ.

ಹೊಸ ಎಂಜಿನ್ನುಗಳ ರೀತಿ ಬೇರೆ

2023ರ ಜುಲೈ 1ರಿಂದ 800 ಕಿಲೋವ್ಯಾಟ್‌ವರೆಗಿನ ಜನರೇಟರ್ ಎಂಜಿನ್ನುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾಲ್ಕು-ಪ್ಲಸ್ ಹಂತದ ಹೊಗೆ ನಿಯಮಗಳು ಜಾರಿಗೆ ಬಂದವು. ಇದರಿಂದ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳು ಹೆಚ್ಚಿದವು. ಇಂತಹ ಎಂಜಿನ್ ಶಾಖ ಏರಿದಾಗ, ಸೆನ್ಸರ್ ಕೆಟ್ಟಾಗ ಅಥವಾ ಹೊಗೆ ಶುದ್ಧೀಕರಣ ಭಾಗ ಕಟ್ಟಿಕೊಂಡಾಗ ತನ್ನ ರಕ್ಷಣೆಗಾಗಿ ತಾನೇ ಬಲವನ್ನು ತಗ್ಗಿಸಿಕೊಳ್ಳಬಹುದು. ಆಗ ಪ್ಯಾನೆಲಿನಲ್ಲಿ ಕಾಣುವ ದೋಷಸಂಖ್ಯೆಯನ್ನು ಮೊದಲು ಬರೆದುಕೊಳ್ಳಬೇಕು. ಬ್ಯಾಟರಿ ವೈರು ಕಿತ್ತು ಸಂಖ್ಯೆಯನ್ನು ಅಳಿಸಲು ಯತ್ನಿಸಿದರೆ ಸರ್ವೀಸ್ ಎಂಜಿನಿಯರಿಗೆ ಸಿಗಬೇಕಾದ ಸುಳಿವೇ ಕಳೆದುಹೋಗಬಹುದು. ಆದರೂ ಫಿಲ್ಟರು, ಡೀಸೆಲು, ರೇಡಿಯೇಟರುಗಳ ಪರೀಕ್ಷೆ ಇಲ್ಲಿಯೂ ತಪ್ಪಿದ್ದಲ್ಲ.

ಲೆಕ್ಕದ ಮಾತು

ಬಲ ಕುಂದಿದ ಎಂಜಿನ್ ನಿಲ್ಲುವವರೆಗೆ ಕಾಯುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ. ಸಣ್ಣ ಜನರೇಟರ್ ಸುಸ್ಥಿತಿಯಲ್ಲಿದ್ದರೆ ಲೀಟರಿಗೆ ಸುಮಾರು 3ರಿಂದ 3.5 ಯೂನಿಟ್ ನೀಡುತ್ತದೆ. 15 ಕಿಲೋವ್ಯಾಟ್ ಹೊರೆಗೆ ಲೀಟರಿಗೆ 3.3 ಯೂನಿಟ್ ಬಂದರೆ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ಸಾಕು. ಅದು 2.7ಕ್ಕೆ ಇಳಿದರೆ ಗಂಟೆಗೆ ಐದೂವರೆ ಲೀಟರ್ ಬೇಕು. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 25 ದಿನ ಓಡಿದರೆ 75 ಲೀಟರ್ ವ್ಯರ್ಥ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ 6,750 ರೂಪಾಯಿ ಹೊಗೆಯಾಗಿ ಹೋಗುತ್ತದೆ. ಹಾಳಾದ ಗೂಡು, ತಡವಾದ ಬೊಂಬೆಯ ಆರ್ಡರು, ಅರ್ಧಕ್ಕೆ ನಿಂತ ಕಲ್ಲಿನ ಕೆಲಸ ಈ ಲೆಕ್ಕದಲ್ಲಿ ಸೇರಿಲ್ಲ.

ಆದ್ದರಿಂದ ಪ್ರತಿ ಘಟಕದಲ್ಲಿ ಜನರೇಟರಿನ ಪಕ್ಕದಲ್ಲಿಯೇ ಒಂದು ನೋಟ್ ಪುಸ್ತಕ ಮತ್ತು ಪೆನ್ನು ಇರಿಸುವುದು ಒಳಿತು. ಓಡಿದ ಗಂಟೆ, ತುಂಬಿಸಿದ ಡೀಸೆಲ್, ನೀಡಿದ ಯೂನಿಟ್, ಹೊರೆಯಲ್ಲಿನ ಫ್ರೀಕ್ವೆನ್ಸಿ, ಮೂರು ಫೇಸುಗಳ ಆಂಪಿಯರ್, ನೀರಿನ ಉಷ್ಣಾಂಶ, ಫಿಲ್ಟರ್ ಬದಲಿಸಿದ ದಿನಾಂಕ ಇಷ್ಟನ್ನು ಬರೆಯಲು ದಿನಕ್ಕೆ ಐದು ನಿಮಿಷ ಸಾಕು. ಒಂದು ಲೀಟರಿಗೆ ಬರುವ ಯೂನಿಟ್ ಇಳಿಯತೊಡಗಿದ ವಾರವೇ ಎಚ್ಚೆತ್ತುಕೊಂಡರೆ ಎಂಜಿನ್ ಬಳಲುವ ದಿನ ಬರುವುದಿಲ್ಲ. ಮೆಕ್ಯಾನಿಕರನ್ನು ಕರೆಸಬೇಕಾದಾಗಲೂ ಆ ಪುಸ್ತಕವನ್ನೇ ಮೊದಲು ಅವರ ಕೈಗಿಡಿ. ಪಂಪನ್ನು ಬಿಚ್ಚಬೇಕೋ ಬೇಡವೋ ಎಂಬುದನ್ನು ಅದರ ಪುಟಗಳೇ ಬಹುಮಟ್ಟಿಗೆ ತಿಳಿಸುತ್ತವೆ.